ಜಾಡಿಯೊಳಗಿನ ನಿರ್ಮಾಲ್ಯ

ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲಿ ದೇವರ ಮನೆ ಅಂದರೆ ಅಡುಗೆಮನೆಯ ಒಂದು ಕಪಾಟು. ಬೆಳಿಗ್ಗೆ ಪೂಜೆಗೆ ಮುಂಚೆ ಹಿಂದಿನ ದಿನದ ಹೂವು, ತುಳಸಿ ತೆಗೆದು ಬಟ್ಟೆಯ ಚೀಲಕ್ಕೆ ಹಾಕುತ್ತೇನೆ. ದೇವರ ಮೈಮೇಲಿದ್ದ ನಿರ್ಮಾಲ್ಯ ಅದು; ಈರುಳ್ಳಿ ಸಿಪ್ಪೆಯ ಜೊತೆ ಕಸಕ್ಕೆ ಹಾಕುವುದುಂಟೆ? ಕೆರೆಯ ಹತ್ತಿರ ಅದಕ್ಕೆಂದೇ ದೊಡ್ಡದೊಂದು ಕಲಶ ಇಟ್ಟಿದ್ದಾರೆ. ನನ್ನ ಮಂಡಿ ಕೆಟ್ಟ ಮೇಲೆ, ಶುಕ್ರವಾರ ಶುಕ್ರವಾರ ಚೀಲ ಒಯ್ದು ಅಲ್ಲಿಗೆ ಹಾಕುವ ಕೆಲಸವನ್ನು ಮಗಳು ವಹಿಸಿಕೊಂಡಳು. ದೀಪ ಹಚ್ಚದ ಹುಡುಗಿ ಇಷ್ಟಾದರೂ ಮಾಡುತ್ತಾಳಲ್ಲ, ದೇವರು ದೊಡ್ಡವನು ಅಂದುಕೊಂಡೆ. ಇಂಥ ಸಣ್ಣ ಸಣ್ಣ ಉಪಕಾರಗಳನ್ನು ನೆನೆದುಕೊಂಡೇ ನಾನು ದಿನ ತಳ್ಳುವುದು.

ಅವಳು ಓದುತ್ತಿದ್ದುದು ಚಿತ್ರಕಲೆ, ಕೊನೆಯ ವರ್ಷ. ನಾನು ಹುರುಳಿಕಾಯಿ ಸೋಸುವಾಗ ಪಕ್ಕದಲ್ಲಿ ಕೂತು ಪಾಠ ಒಪ್ಪಿಸುತ್ತಿದ್ದಳು. ಯುರೋಪಿನಲ್ಲಿ ಮೊದಲು ದೇವರನ್ನೂ ರಾಜರನ್ನೂ ಬರೆಯುತ್ತಿದ್ದರಂತೆ. ಆಮೇಲೆ ಬಿಸಿಲು ಬೀಳುವುದನ್ನೇ ಬರೆದರಂತೆ. ಮುಂದೆ ಬಂದವರು ಮುಖವನ್ನು ಚೂರು ಚೂರು ಮಾಡಿದರು, ಇನ್ನೂ ಮುಂದಿನವರು ಮುಖವನ್ನೇ ಬಿಟ್ಟು ಬರೀ ಬಣ್ಣ ಬಳಿದರು.

"ಮತ್ತೆ ಒಬ್ಬ ಏನ್ ಮಾಡ್ದ ಗೊತ್ತಾ ಅಮ್ಮ? ಗಂಡಸರ ಟಾಯ್ಲೆಟ್ ಬೇಸಿನ್ ತಂದು ಶೋನಲ್ಲಿ ಇಟ್ಟ."

"ಉಪಯೋಗಿಸಿದ್ದಾ?"

"ಛೀ, ಹೊಸದು."

"ಅಷ್ಟು ಪುಣ್ಯ ಕಟ್ಕೊಂಡ ಬಿಡು," ಅಂದೆ. ಇಬ್ಬರೂ ನಕ್ಕೆವು.

ವರ್ಷದ ಕೊನೆಗೆ ಕಾಲೇಜಿನಲ್ಲಿ ಪ್ರದರ್ಶನ. ಮಂಡಿಗೆ ಪಟ್ಟಿ ಕಟ್ಟಿ, ರೇಷ್ಮೆ ಸೀರೆ ಉಟ್ಟು, ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕಿದ್ದಕ್ಕೆ ಮನಸ್ಸಿನಲ್ಲೇ ಕೈಮುಗಿದು ಹೋದೆ. ಮಗಳ ಕೆಲಸ ಇಟ್ಟಿದ್ದ ಕೋಣೆಯ ಬಾಗಿಲಲ್ಲೇ ಮೂಗಿಗೆ ಹೊಡೆಯಿತು, ಸತ್ತ ಇಲಿಯಂಥ ವಾಸನೆ. ಒಳಗೆ ನೆಲದ ಮೇಲೆ ಸಾಲಾಗಿ ಗಾಜಿನ ಜಾಡಿಗಳು. ಒಂದರಲ್ಲಿ ಕಪ್ಪು ರಸ, ಒಂದರಲ್ಲಿ ಬಿಳಿ ಬೂಷ್ಟು, ಇನ್ನೊಂದರಲ್ಲಿ ಹುಳುಗಳು ಗಾಜು ಹತ್ತುತ್ತಿದ್ದವು. ಜನ ಚಪ್ಪಲಿ ಹಾಕಿಕೊಂಡೇ ನಡುವೆ ಓಡಾಡುತ್ತ, ಮೂಗಿಗೆ ಕರ್ಚೀಫು ಹಿಡಿದು ಫೋಟೋ ತೆಗೆಯುತ್ತಿದ್ದರು.

ಬಗ್ಗಿ ನೋಡಿದೆ. ಕೊಳೆತ ಸೇವಂತಿಗೆಯ ನಡುವೆ ಬಾಳೆನಾರು. ಮುಲುಂಡಿನ ಹೂವಿನವಳು ಬಾಳೆನಾರಿನಲ್ಲಿ ಕಟ್ಟುವುದಿಲ್ಲ. ಕಟ್ಟುವವಳು ನಾನು.

"ನಮ್ಮನೆ ಹೂವಾ ಇದು?"

"ಹೂಂ ಅಮ್ಮ. ದೇವ್ರ ಮೇಲೆ ಇದ್ದಾಗ ಪವಿತ್ರ, ಕೆಳಗೆ ಬಂದ್ರೆ ಕಚರಾ. ಅದೇ ನನ್ನ ಥೀಮ್."

"ಕಚರಾ ಅಲ್ಲ ಅಂತ ತಾನೇ ನಿನ್ನ ಕೈಲಿ ಕೊಟ್ಟಿದ್ದು?"

ಅಷ್ಟು ಶುಕ್ರವಾರಗಳೂ ನನ್ನ ಮುಖ ನೋಡಿ ಚೀಲ ಇಸಿದುಕೊಂಡು ಹೋಗಿದ್ದಳು.

ಅವಳ ಟೀಚರ್ ಬಂದರು. ಪರೀಕ್ಷಕರು ಮೆಚ್ಚಿ ಮಾರ್ಕ್ಸ್ ಕೊಟ್ಟು ಹೋದರಂತೆ. ಜಾಡಿಗಳು ಇಲ್ಲೇ ಇರಲಿ, ಬೇರೆ ಊರಿನ ದೊಡ್ಡ ಪ್ರದರ್ಶನಕ್ಕೆ ಕಳಿಸೋಣ, ಅಲ್ಲಿಯವರೆಗೆ ಇನ್ನೂ ಚೆನ್ನಾಗಿ ಕೊಳೆಯಲಿ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಹೂವು ನಮ್ಮ ದೇವರದು, ತೆಗೆದುಕೊಂಡೇ ಏಳುವುದು ಎಂದು ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ನಿನ್ನ ಕೆಲಸ, ನೀನೇ ತೀರ್ಮಾನ ಮಾಡು ಎಂದು ಟೀಚರ್ ಅವಳನ್ನು ನೋಡಿದರು.

"ಅಮ್ಮ, ಇಂಥಾ ಚಾನ್ಸ್ ಮತ್ತೆ ಸಿಗಲ್ಲ."

"ಸಿಗದೇ ಇರಲಿ."

ತುಂಬ ಹೊತ್ತಾದ ಮೇಲೆ ಅವಳು ಬಗ್ಗಿ ಒಂದೊಂದೇ ಮುಚ್ಚಳ ಬಿಗಿ ಮಾಡಿದಳು. ನನ್ನ ಕಡೆ ನೋಡಲಿಲ್ಲ.

ಜಾಡಿಗಳ ಚೀಲ ಹಿಡಿದು ಮರಳುವಾಗ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಎದುರು ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿ, ಚೀಲದಲ್ಲಿ ಏನು ಸತ್ತಿದೆ ಎಂದು ಕೇಳಿದಳು.

"ಆರ್ಟ್ ಹೈ," ಅಂದೆ. ಮಗಳು ಕಿಟಕಿಯ ಕಡೆ ತಿರುಗಿದಳು.

ಕಲಶದ ಹತ್ತಿರ ಜಾಡಿ ಬೋರಲು ಹಾಕಿದರೆ ಹೂವು ಬೀಳಲಿಲ್ಲ. ಮಗಳು ಒಂದಕ್ಕೆ ಕೈ ಹಾಕಿದವಳೇ ವಾಕರಿಸುತ್ತ ಗೋಡೆಯ ಕಡೆ ಓಡಿದಳು. ಉಳಿದದ್ದನ್ನು ನಾನೇ ಬಳಿದೆ, ಮಣಿಕಟ್ಟಿನವರೆಗೆ ಲೋಳೆ. ಮನೆಗೆ ಬಂದು ಮೂರು ಸಲ ಸೋಪು ಹಚ್ಚಿದರೂ ಬಳೆಯ ಸಂದಿಯಲ್ಲಿ ವಾಸನೆ ಉಳಿಯಿತು, ಅನ್ನ ಸೇರಲಿಲ್ಲ. ಕಣ್ಣಿಗೊತ್ತಿಕೊಂಡು ತೆಗೆಯುತ್ತಿದ್ದ ಹೂವು ಅದು. ಅದನ್ನು ಮುಟ್ಟಿ ನನಗೆ ಹೇಸಿಗೆಯಾಯಿತು. ಅವಳು ಸುಳ್ಳು ಹೇಳಿದ್ದನ್ನು ಕ್ಷಮಿಸಿಯೇನು, ದೇವರ ಹೂವಿಗೇ ಹೇಸುವಂತೆ ಮಾಡಿದ್ದನ್ನು ಕ್ಷಮಿಸಲು ಇನ್ನೂ ಆಗಿಲ್ಲ.

ಮುಂದಿನ ಶುಕ್ರವಾರ ಅವಳು ಬಾಗಿಲಲ್ಲಿ ಕೈ ಚಾಚಿದಳು. "ಕೊಡು, ಹಾಕ್ತೀನಿ. ಪ್ರಾಮಿಸ್."

ಕೊಡಲಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಕೆರೆ ಮುಟ್ಟುವಷ್ಟರಲ್ಲಿ ಎರಡು ಕಡೆ ಕೂರಬೇಕಾಯಿತು. ಮಂಡಿ ಅಷ್ಟು ದೂರವಾದರೂ ನಡೆಸಿತಲ್ಲ, ಅದಕ್ಕೊಂದು ನಮಸ್ಕಾರ.