ಮೂರನೆಯ ಮತ್ತು ನಾಲ್ಕನೆಯ ಸೀಳಿನ ನಡುವೆ

ನಾನು ಹಲ್ಲು ಮಾಡುವವಳು. ಶಹಾಬಾದಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಲ್ಯಾಬು. ಸೇಡಂ, ಚಿಂಚೋಳಿ ಕಡೆಯ ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದರ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಕೂರಿಸಿ, ಸೆಟ್ ತಯಾರು ಮಾಡಿ ಕೊಡುತ್ತೇನೆ. ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಸಾಕು, ಮುದುಕರು ರೊಟ್ಟಿ ಅಗಿಯಲಾರದೆ ಸೆಟ್ಟನ್ನು ತೆಗೆದು ಗೂಡಿನಲ್ಲಿ ಇಟ್ಟುಬಿಡುತ್ತಾರೆ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿ ನನ್ನ ಬೆರಳುಗಳಿಗೆ ಒಂದು ಚಟ ಅಂಟಿಕೊಂಡಿದೆ. ಯಾವುದನ್ನು ಮುಟ್ಟಿದರೂ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಹುಡುಕುತ್ತವೆ.

ಒಂದು ಮಧ್ಯಾಹ್ನ ಪ್ಲಾಸ್ಟರ್ ಗಟ್ಟಿಯಾಗಲು ಬಿಟ್ಟು ಫೋನಿನಲ್ಲಿ ಒಂದು ವಿದೇಶಿ ಸಿನಿಮಾ ನೋಡುತ್ತಿದ್ದೆ. ಬೇರೆ ಗ್ರಹಗಳ ನಡುವಿನ ಯುದ್ಧದ ಕಥೆ. ಅದರಲ್ಲಿ ಬೂದು ಬಣ್ಣದ ಕವಚ ತೊಟ್ಟ ಒಬ್ಬ ಕಾವಲುಗಾರ್ತಿ ಒಂದು ಬಾಗಿಲ ಮುಂದೆ ನಿಂತಿರುತ್ತಾಳೆ. ಅವಳಿಗೆ ಒಂದೂ ಮಾತಿಲ್ಲ. ಪೂರ್ತಿ ಒಂದು ನಿಮಿಷವೂ ತೆರೆಯ ಮೇಲೆ ಇರುವುದಿಲ್ಲ. ಆದರೆ ಅವಳು ಕಾಲೂರಿ ನಿಂತ ರೀತಿ ನನ್ನನ್ನು ಹಿಡಿದು ನಿಲ್ಲಿಸಿತು. ಚಿತ್ರವನ್ನು ಅಲ್ಲೇ ನಿಲ್ಲಿಸಿ ಅವಳ ಮೊಣಕಾಲಿನ ಫಲಕದ ಗೆರೆ ಎಣಿಸಿದೆ. ಏಳು ಇದ್ದವು. ಮರುದಿನ ಮತ್ತೆ ಎಣಿಸಿದೆ. ಆ ವಾರ ಮುಗಿಯುವುದರೊಳಗೆ ಆ ಕವಚವನ್ನು ನಾನು ಮಾಡಲೇಬೇಕು ಅನ್ನಿಸಿಬಿಟ್ಟಿತ್ತು.

ಇಂಥ ಹುಚ್ಚಿನವರು ಬೇರೆಯೂ ಇದ್ದಾರೆಂದು ಆಮೇಲೆ ತಿಳಿಯಿತು. ಬೇರೆ ಬೇರೆ ಊರುಗಳವರು ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಕೂಟ ಕಟ್ಟಿಕೊಂಡಿದ್ದರು. ತೆರೆಯ ಮೇಲೆ ಕಂಡದ್ದು ಕಂಡ ಹಾಗೇ ಇರಬೇಕು ಎಂಬುದು ಅವರ ನಿಯಮ. ಸೊಂಟಪಟ್ಟಿಯ ಡಬ್ಬಿ ಅರ್ಧ ಬೆರಳು ಅಗಲವಾದರೂ ತಿರುಗಿ ಕಳಿಸುತ್ತಿದ್ದರು. ಎಲ್ಲ ಸರಿಯಿದ್ದರೆ ಕವಚವನ್ನೂ ಅದನ್ನು ಮಾಡಿದವರ ಹೆಸರನ್ನೂ ತಮ್ಮ ಪಟ್ಟಿಯಲ್ಲಿ ಸೇರಿಸುತ್ತಿದ್ದರು.

ನೆಲಕ್ಕೆ ಹಾಸುವ ದಪ್ಪ ಫೋಮ್ ಹಾಳೆಗಳಿಂದ ಶುರು ಮಾಡಿದೆ. ನಮ್ಮ ಮನೆಯ ಕಲ್ಲುಹಾಸು ಸಮತಟ್ಟಾಗಿತ್ತು. ಅದರ ಮೇಲೆ ಹಾಳೆ ಹರಡಿ, ಕತ್ತರಿಸಿ, ಬಿಸಿಗಾಳಿಯ ಗನ್ ಹಿಡಿದು ಬಾಗಿಸುತ್ತಿದ್ದೆ. ಸಿನಿಮಾದಲ್ಲಿ ಅಳತೆ ಸಿಗುವುದಿಲ್ಲವಲ್ಲ, ಆ ನಟಿಯ ಅಂಗೈಯನ್ನೇ ಅಳತೆಗೋಲು ಮಾಡಿಕೊಂಡೆ. ಎದೆಯ ಫಲಕ ಎಷ್ಟು ಅಂಗೈ ಅಗಲ, ಭುಜ ಎಷ್ಟು ಅಂಗೈ ಉದ್ದ, ಹೀಗೆ. ಮೊದಲ ಕವಚ ತೊಟ್ಟಾಗ ನೀರಿನ ಟಾಕಿಯಂತೆ ಕಂಡೆ. ಎರಡನೆಯದರಲ್ಲಿ ಕೈ ಎತ್ತಲು ಬರುತ್ತಿರಲಿಲ್ಲ. ಮೂರನೆಯದರಲ್ಲಿ ಭುಜದ ಫಲಕವನ್ನು ಮೂರು ತುಂಡು ಮಾಡಿ, ಒಳಗೆ ಎಲಾಸ್ಟಿಕ್ ಕೊಟ್ಟು ಜೋಡಿಸಿದೆ. ಕೈ ಎತ್ತಿದೆ. ಮೂರೂ ತುಂಡು ಒಂದರ ಮೇಲೊಂದು ಸರಿದು ಕೂತವು. ಮನೆಯಲ್ಲಿ ಯಾರೂ ಇರಲಿಲ್ಲ, ಒಬ್ಬಳೇ ನಕ್ಕೆ.

ಶಿರಸ್ತ್ರಾಣಕ್ಕೆ ನನ್ನದೇ ತಲೆಯ ಅಚ್ಚು ಬೇಕಾಗಿತ್ತು. ಅದನ್ನು ತೆಗೆದವರು ನನ್ನ ಗಂಡ. ಚಿತ್ತಾಪುರದ ಹೈಸ್ಕೂಲಿನಲ್ಲಿ ಅವರು ಗಣಿತದ ಮಾಸ್ತರು. ಒಂದು ಭಾನುವಾರ ನನ್ನ ಕೂದಲಿಗೆ ಟೋಪಿ ಹಾಕಿ, ಮುಖಕ್ಕೆ ಎಣ್ಣೆ ಸವರಿ, ಉಸಿರಾಡಲು ಮೂಗಿಗೆ ಎರಡು ಕೊಳವೆ ಇಟ್ಟು, ಪ್ಲಾಸ್ಟರಿನ ಪಟ್ಟಿ ಸುತ್ತಿದರು. ಒಳಗೆ ಕತ್ತಲೆ, ಬಿಸಿ. ಏನೂ ಕೇಳುತ್ತಿರಲಿಲ್ಲ. ಅವರು ನನ್ನ ಕೈ ಹಿಡಿದು, ಒಂದೊಂದು ನಿಮಿಷಕ್ಕೂ ಒಂದೊಂದು ಸಲ ಅಂಗೈ ಒತ್ತುತ್ತಿದ್ದರು. ಇಪ್ಪತ್ತು ಸಲ ಒತ್ತಿದ ಮೇಲೆ ಬಿಡಿಸಿದರು.

ಆ ಚಿಪ್ಪಿನೊಳಗೆ ಪ್ಲಾಸ್ಟರ್ ಹೊಯ್ದು ಮಾಡಿದ ತಲೆಯ ಮೇಲೆ ಜೇಡಿಮಣ್ಣು ಮೆತ್ತಿ ಶಿರಸ್ತ್ರಾಣ ಕೆತ್ತಿದೆ. ಬಲಗೆನ್ನೆಯ ಮೇಲೆ ಆರು ಸೀಳು. ಹಲ್ಲಿನ ಕೆಲಸದ ಸಣ್ಣ ಉಳಿಯಿಂದಲೇ ಗೀರಿದೆ. ಮೂರನೆಯ ಸೀಳು ಮುಗಿಸಿ ನಾಲ್ಕನೆಯದಕ್ಕೆ ಕೈ ಇಡುವಾಗ ಒಂಚೂರು ಜಾರಿತು. ನಡುವಿನ ಅಂತರ ಉಳಿದವುಗಳಿಗಿಂತ ಎಳೆಯಷ್ಟು ಹೆಚ್ಚಾಯಿತು. ಗೊತ್ತಾದದ್ದು ಅಚ್ಚು ತೆಗೆದು, ಅದರಲ್ಲಿ ಫೈಬರ್ ಎರಕ ಹೊಯ್ದ ಮೇಲೆ. ನನ್ನ ಶಿರಸ್ತ್ರಾಣದಲ್ಲಿ ಆ ತಪ್ಪನ್ನು ಪುಟ್ಟಿ ತುಂಬಿ ಸರಿ ಮಾಡಿದೆ. ಅಚ್ಚಿನಲ್ಲಿ ಅದು ಹಾಗೇ ಉಳಿಯಿತು.

ಬಣ್ಣ ನನಗೆ ಗೊತ್ತಿಲ್ಲದ ವಿದ್ಯೆ. ವಾಡಿಯಲ್ಲಿ ಜೀಪು, ಕಾರು, ಲಾರಿಗಳಿಗೆ ಬಣ್ಣ ಹೊಡೆಯುವ ಒಬ್ಬರಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ದಿನಾ ವಾಡಿಯ ಮೇಲೆಯೇ ರೈಲಿನಲ್ಲಿ ಹೋಗಿಬರುವ ನನ್ನ ಗಂಡನಿಗೆ ಅವರ ಪರಿಚಯವಿತ್ತು. ಚೀಲದಲ್ಲಿ ಎದೆಯ ಫಲಕ ಹಾಕಿಕೊಂಡು ಹೋದೆ. ಅವರು ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ನೀವೇ ಮಾಡೀರೇನ್ರಿ? ಖರೇ?"

"ಹೌದ್ರಿ ಅಣ್ಣಾ."

"ಹಂಗಾದ್ರ ಕೇಳು ತಂಗಿ. ಹೊಸಾ ಬಣ್ಣ ಸುಳ್ಳ ಹೇಳ್ತದ. ಎಲ್ಲಿ ಕೈ ತಾಗ್ತದ, ಎಲ್ಲಿ ಉಜ್ಜತದ, ಅಲ್ಲಿ ಬಣ್ಣ ಹೋಗಿರಬೇಕು. ಲಾರಿ ಬಾಗಿಲಾ ನೋಡಿದ್ದೀ?"

ಅಂದಿನಿಂದ ನಾನು ತಂಗಿ, ಅವರು ಅಣ್ಣ. ಎಂಟು ತಿಂಗಳು ಪ್ರತಿ ಭಾನುವಾರ ಅವರ ಅಂಗಡಿಗೆ ಹೋದೆ. ಮೊದಲು ಬೆಳ್ಳಿ ಬಣ್ಣ ಹೊಡೆದು, ಅದರ ಮೇಲೆ ಬೂದು ಹೊಡೆದು, ಅಂಚುಗಳಲ್ಲಿ ಎಮರಿ ಪೇಪರಿನಿಂದ ತಿಕ್ಕಿ ಒಳಗಿನ ಲೋಹ ಇಣುಕುವ ಹಾಗೆ ಮಾಡುವುದನ್ನು ಕಲಿಸಿದರು. ಅವರ ಹೆಂಡತಿ ನನ್ನನ್ನು ಊಟ ಮಾಡದೆ ಕಳಿಸುತ್ತಿರಲಿಲ್ಲ. ಆ ಅಂಗಡಿ ನನಗೆ ತವರಿನಂತಾಗಿತ್ತು ಎಂದರೆ ಹೆಚ್ಚಲ್ಲ. ನಾನು ಹೇಳಿದ್ದಕ್ಕೇ ಅವರು ಆ ಕೂಟವನ್ನೂ ಸೇರಿದರು. ತಮ್ಮ ಬಣ್ಣದ ಕೆಲಸ ತೋರಿಸಿ, ಅಲ್ಲಿಯ ಒಬ್ಬ ಸದಸ್ಯರ ಮೂಲಕ ನನಗಿಂತ ಮೊದಲೇ ಸೇರಿದರು. ನಾನು ಕವಚ ಮುಗಿಸಿಯೇ ಸೇರುತ್ತೇನೆಂದು ಹಟ ಹಿಡಿದಿದ್ದೆ.

ಕವಚ ಮುಗಿದಾಗ ಶಹಾಬಾದಿನ ಹೊರಗಿನ ಹಳೆಯ ಕಲ್ಲುಗಣಿಗೆ ಹೋಗಿ ಫೋಟೋ ತೆಗೆದೆವು. ಗಂಡ ನೀರಿನ ಬಾಟಲಿ ಹಿಡಿದು ನಿಂತಿದ್ದರು, ಅಣ್ಣ ಫೋಟೋ ಹೊಡೆದರು. ಒಳಗೆ ಬೆವರು ಬೆನ್ನಿನ ಗುಂಟ ಇಳಿಯುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬಂಡೆಗಳ ಮುಂದೆ ಕಾಲೂರಿ ನಿಂತೆ. ಅಷ್ಟು ನೆಟ್ಟಗೆ ನಾನು ಹಿಂದೆಂದೂ ನಿಂತಿರಲಿಲ್ಲ.

ಹೊಸಬರ ಅರ್ಜಿಯನ್ನು ಕೂಟದಲ್ಲಿ ಇರುವವರೇ ಕಳಿಸಬೇಕೆಂಬ ನಿಯಮವಿತ್ತು. ಅಣ್ಣ ತಾವೇ ಕಳಿಸುತ್ತೇನೆಂದರು. ತಿಂಗಳುಗಳು ಹೋದವು. ಕೇಳಿದಾಗಲೆಲ್ಲ ಒಂದೇ ಮಾತು.

"ಭಾಳ ಮಂದಿ ಸಾಲಿನಾಗ ಇದ್ದಾರ ತಂಗಿ. ನಿಂದು ಬರ್ತದ, ತಡಿ."

ಆ ನಡುವೆ ಶಿರಸ್ತ್ರಾಣದ ಅಚ್ಚಿನ ಅಂಚು ಬಿರುಕು ಬಿಟ್ಟಿತ್ತು. ಸರಿಮಾಡಿ ಕೊಡುತ್ತೇನೆಂದು ಅದನ್ನೂ ತೆಗೆದುಕೊಂಡು ಹೋದರು. ನಾನೇ ಹಳೆಯ ಸೀರೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ.

ಮುಂದೊಂದು ದಿನ ಚಿಂಚೋಳಿಯ ವೈದ್ಯರಿಗೆ ಎರಡು ಸೆಟ್ ಹಲ್ಲು ಮುಟ್ಟಿಸಲು ಹೋಗಿದ್ದೆ. ಊರಿಗೆ ಹತ್ತಿಕೊಂಡೇ ಇರುವ ಚಂದಾಪುರದಲ್ಲಿ ಬಸ್ಸಿಳಿದರೆ ಎದುರಿಗೇ ಹೊಸ ಮೊಬೈಲ್ ಅಂಗಡಿಯ ಉದ್ಘಾಟನೆ. ಬಲೂನು, ಡೋಲು. ಬಾಗಿಲ ಎರಡೂ ಕಡೆ ಕೆಂಪು ಬಟ್ಟೆ ತೊಟ್ಟು, ತಲೆಗೆ ಬಂಗಾರದ ಬಣ್ಣದ ಶಿರಸ್ತ್ರಾಣ ಹಾಕಿದ ಇಬ್ಬರು ನಿಂತು ಚೀಟಿ ಹಂಚುತ್ತಿದ್ದರು. ಬಣ್ಣ ನೋಡಿ ಮೊದಲು ನಗು ಬಂತು. ಆಮೇಲೆ ಆಕಾರ ನೋಡಿದೆ. ಜನರ ನಡುವೆ ನುಗ್ಗಿ ಹತ್ತಿರ ಹೋಗಿ ಬಲಗೆನ್ನೆ ನೋಡಿದೆ. ಮೂರನೆಯ ಮತ್ತು ನಾಲ್ಕನೆಯ ಸೀಳಿನ ನಡುವೆ ಎಳೆಯಷ್ಟು ಅಂತರ ಹೆಚ್ಚಿತ್ತು. ಇನ್ನೊಬ್ಬನದನ್ನು ನೋಡಿದೆ. ಅದರಲ್ಲೂ ಇತ್ತು.

ಒಬ್ಬಾತ ಗಾಳಿಗೆಂದು ಅದನ್ನು ತೆಗೆದ. ನಡುವಯಸ್ಸಿನವ, ಮುಖವೆಲ್ಲ ಬೆವರು.

"ಇದನ್ನ ಎಲ್ಲಿಂದ ತಂದೀರಿ?"

"ವಾಡಿ ಪೇಂಟರ್ ಮಾಡ್ತಾರಲ್ರೀ ಬಾಯಿ. ಲಗ್ನ ಇರ್ಲಿ, ಅಂಗಡಿ ಓಪನಿಂಗ್ ಇರ್ಲಿ, ಬಾಡಿಗಿಗಿ ಕೊಡ್ತಾರ. ನಿಮಗೂ ಬೇಕಾಗಿತ್ತೇನು?"

ಹಲ್ಲಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಎಷ್ಟೋ ಹೊತ್ತು ನಿಂತೆ.

ಅಷ್ಟಾದರೂ ಅಣ್ಣನಿಗೆ ಏನೋ ಕಷ್ಟ ಬಂದಿರಬೇಕು, ಹೇಳಲು ನಾಚಿಕೊಂಡಿರಬೇಕು ಎಂದೇ ಮನೆ ಮುಟ್ಟುವವರೆಗೆ ನನ್ನನ್ನು ನಾನು ಸಮಾಧಾನ ಮಾಡಿದೆ. ಮರುದಿನ ಬೆಳಿಗ್ಗೆ ನೇರವಾಗಿ ಕೂಟದವರಿಗೇ ಬರೆದೆ. ನನ್ನ ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿ, ಕವಚದ ಒಂದು ಫೋಟೋ ಜೊತೆಗಿಟ್ಟೆ. ಎರಡನೆಯ ದಿನ ಉತ್ತರ ಬಂತು. ಈ ಕವಚ ಆಗಲೇ ತಮ್ಮ ಪಟ್ಟಿಯಲ್ಲಿದೆ, ಬೇರೆಯವರ ಕೆಲಸವನ್ನು ತನ್ನದೆಂದು ಹೇಳಿಕೊಳ್ಳುವವರಿಗೆ ಕೂಟದಲ್ಲಿ ಜಾಗವಿಲ್ಲ ಎಂದು ಬರೆದಿದ್ದರು. ಅವರು ತೋರಿಸಿದ ಪುಟ ತೆರೆದೆ. ಕಲ್ಲುಗಣಿ, ಬಂಡೆ, ಬಂಡೆಯ ಮುಂದೆ ಕಾಲೂರಿ ನಿಂತ ಕಾವಲುಗಾರ್ತಿ. ಕೆಳಗೆ ಮಾಡಿದವರ ಹೆಸರು: ವಾಡಿಯ ಅಣ್ಣನದು. ಅದರೊಳಗೆ ನಿಂತವಳು ನಾನು. ನನ್ನ ಮೈಯನ್ನೇ ಸಾಕ್ಷಿಯಾಗಿ ಇಟ್ಟು ನನ್ನನ್ನು ಕಳ್ಳಿ ಮಾಡಿದ್ದರು.

ವಾಡಿಗೆ ಹೋದೆ. ಅವರು ಒಂದು ಜೀಪಿನ ಬಾಗಿಲಿಗೆ ಪುಟ್ಟಿ ತಿಕ್ಕುತ್ತಿದ್ದರು. ನನ್ನ ಮುಖ ನೋಡಿಯೇ ಕೈ ನಿಲ್ಲಿಸಿದರು.

"ಬಾ ತಂಗಿ, ಕುಂದ್ರು."

"ಕುಂದ್ರಲಿಕ್ಕ ಬಂದಿಲ್ರಿ. ನನ್ನ ಫೋಟೋದ ಕೆಳಗ ನಿಮ್ಮ ಹೆಸರು ಹ್ಯಾಂಗ ಬಂತು?"

ಅವರು ಕೈ ಒರೆಸಿಕೊಂಡರು. "ಬಣ್ಣ ನಂದೇ ಅಲ್ಲೇನು?"

"ಬಣ್ಣ ನಿಮ್ದು. ಅಚ್ಚು? ಅದರಾಗ ಹೊಯ್ದು ಹೊಯ್ದು ಬಾಡಿಗಿಗಿ ಕೊಡಾಕತ್ತೀರಲ್ಲ, ಅದನ್ನರ ಒಂದ್ ಮಾತ ಕೇಳಿದ್ರೇನು?"

"ಅದು ತಪ್ಪಾಯ್ತು. ಒಪ್ಪತೀನಿ." ಎಮರಿ ಪೇಪರನ್ನು ಬಾನೆಟ್ಟಿನ ಮೇಲೆ ಇಟ್ಟರು. "ಆದ್ರ ಹೆಸರಿನ ಮಾತು ನನ್ನ ಕೇಳಬ್ಯಾಡ. ನಿಮ್ಮ ಮಾಸ್ತರನ್ನ ಕೇಳು. ಆಕಿ ಹೆಸರು ಬ್ಯಾಡ, ನಿಮ್ಮದೇ ಹಾಕ್ರಿ ಅಂತ ಅವರೇ ಅಂದ್ರು. ಇದೇ ಜಾಗಾದಾಗ ನಿಂತು ಅಂದ್ರು."

ಸುಳ್ಳು ಅನ್ನಬೇಕೆಂದು ಬಾಯಿ ತೆರೆದೆ. ಆದರೆ ಅವರ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದರು. ಅವರು ನನ್ನ ಕಣ್ಣು ತಪ್ಪಿಸಿ ಸೆರಗು ಸರಿಮಾಡಿಕೊಂಡದ್ದು ನೋಡಿ, ಇದು ನಿಜವೆಂದು ಗೊತ್ತಾಯಿತು. ಅಚ್ಚು ಕೊಡಿ ಎಂದೆ. ಅಣ್ಣ ತಾವೇ ಅದನ್ನು ಹೊತ್ತು ಆಟೋದಲ್ಲಿ ಇಟ್ಟರು.

"ಸಿಟ್ಟ ಇಟ್ಕೋಬ್ಯಾಡ ತಂಗಿ."

"ನನಗ ತಂಗಿ ಅನಬ್ಯಾಡ್ರಿ."

ಮನೆಗೆ ಹೋಗಲಿಲ್ಲ. ಸ್ಟೇಷನ್ನಿಗೆ ಹೋಗಿ ಚಿತ್ತಾಪುರದ ರೈಲು ಹತ್ತಿದೆ. ಅಚ್ಚನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಶಾಲೆಯಲ್ಲಿ ಮಧ್ಯಾಹ್ನದ ಬಿಡುವು. ಗಂಡ ಬೇವಿನ ಮರದ ಕೆಳಗೆ ಬಂದರು, ಬೆರಳಿಗೆಲ್ಲ ಸೀಮೆಸುಣ್ಣದ ಪುಡಿ.

"ಶಾಲಿಗ್ಯಾಕ ಬಂದಿ? ಮನ್ಯಾಗ ಏನರ ಆಯ್ತೇನು?"

"ನನ್ನ ಹೆಸರು ಹಾಕಬ್ಯಾಡ ಅಂತ ನೀವೇ ಹೇಳಿದ್ರೇನ್ರಿ?"

ಅವರು ಸುತ್ತ ನೋಡಿದರು. ದನಿ ತಗ್ಗಿಸಿದರು. "ನಿಂದೇ ಚಲೋದಕ್ಕ ಹೇಳೀನಿ. ಆ ಫೋಟೋ ಎಲ್ಲೆಲ್ಲಿ ಹೋಗ್ತಾವೋ ಯಾರಿಗಿ ಗೊತ್ತು. ಮೈಗಿ ಅಂಟಿದಂಗ ಕುಂತದ ಅದು. ನಾಳಿ ನಮ್ಮ ಮಂದಿ ನೋಡಿದ್ರ, ಇಲ್ಲಿ ಸ್ಟಾಫಿನವರು ನೋಡಿದ್ರ, ಏನಂತಾರ?"

"ನನ್ನ ಒಂದ್ ಮಾತ ಕೇಳಬೇಕಿತ್ತಲ್ಲ."

"ಕೇಳಿದ್ರ ನೀ ಒಲ್ಲೆ ಅಂತಿದ್ದಿ."

"ಹೌದ್ರಿ. ಒಲ್ಲೆ ಅಂತಿದ್ದೆ."

ಗಂಟೆ ಹೊಡೆಯಿತು. ಅವರು ತರಗತಿಗೆ ಹೋದರು. ಆ ಪೇಂಟರ್ ಎಷ್ಟಾದರೂ ಹೊರಗಿನವರು, ಅವರ ಮೇಲೆ ಸಿಟ್ಟಾಗಿ ಮುಗಿಸಬಹುದಿತ್ತು. ಇವರು ಆ ಕತ್ತಲೆಯೊಳಗೆ ನನ್ನ ಅಂಗೈ ಒತ್ತಿದವರು. ಆ ಎಂಟು ತಿಂಗಳು ನಾನು ಅಂಚು ತಿಕ್ಕುತ್ತಿದ್ದಾಗ ಪಕ್ಕದಲ್ಲಿ ಕೂತು, "ಭಾಳ ಛಂದ ಆಗ್ಯಾದ" ಎಂದವರು. ಅರ್ಜಿ ಏನಾಯಿತೆಂದು ನಾನು ಚಿಂತೆ ಮಾಡುವಾಗಲೂ ಎದುರಿಗೇ ಕೂತು ಊಟ ಮಾಡಿದವರು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಊಟಗಳನ್ನೇ ನೆನೆಸಿಕೊಂಡೆ.

ಕೂಟದವರಿಗೆ ಮತ್ತೆ ಬರೆದೆ. ಪ್ಲಾಸ್ಟರಿನ ತಲೆ, ಮಣ್ಣಿನ ಹಂತದ ಫೋಟೋಗಳು, ಅಚ್ಚು, ಅಚ್ಚಿನಲ್ಲಿ ಉಳಿದ ನನ್ನ ತಪ್ಪು, ಅದನ್ನು ಶಿರಸ್ತ್ರಾಣದಲ್ಲಿ ಎಲ್ಲಿ ಪುಟ್ಟಿ ತುಂಬಿ ಮುಚ್ಚಿದ್ದೇನೆ ಎಂಬುದು, ಎಲ್ಲ ಕಳಿಸಿದೆ. ಅವರು ಬಹಳ ದಿನ ತೆಗೆದುಕೊಂಡರು. ವಾಡಿಯವರನ್ನೂ ಕೇಳಿದರಂತೆ, ಅವರು ಸುಳ್ಳು ಹೇಳಲಿಲ್ಲವಂತೆ. ಕೊನೆಗೆ ಕ್ಷಮೆ ಕೇಳಿ, ಮಾಡಿದವರ ಮುಖ ಕಾಣುವ ಹೊಸ ಫೋಟೋ ಬೇಕೆಂದರು. ಸೇಡಂನ ದಂತವೈದ್ಯೆ ತಮ್ಮ ಕ್ಲಿನಿಕ್ಕಿನ ಮಾಳಿಗೆಯ ಮೇಲೆ ತೆಗೆದುಕೊಟ್ಟರು. ಶಿರಸ್ತ್ರಾಣವನ್ನು ಕಂಕುಳಲ್ಲಿ ಹಿಡಿದು ನಿಂತೆ. ಈಗ ಪಟ್ಟಿಯಲ್ಲಿ ಇರುವುದು ಆ ಫೋಟೋ, ನನ್ನ ಹೆಸರು.

ಅದು ಬಂದ ಮೇಲೆ ಗಂಡನೇ ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದರು. ಸಂಜೆ ಬಂದು, "ಎಲ್ಲಾರೂ ಭಾಳ ಹೊಗಳಿದ್ರು ನೋಡು. ಹೆಡ್‌ಮಾಸ್ತರು ವಿಜ್ಞಾನ ದಿನಕ್ಕ ನಿನ್ನ ಕರೀಬೇಕು ಅಂದ್ರು," ಎಂದರು. ಮುಖದ ತುಂಬ ಸಂತೋಷ. ಅದು ನಾಟಕವಾಗಿರಲಿಲ್ಲ, ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ನನ್ನ ಹೆಸರು ತೆಗೆಸಿದಾಗ ಹೇಗೋ, ಅದು ತಮಗೆ ಗೌರವ ತಂದಾಗಲೂ ಹಾಗೇ, ನನ್ನನ್ನು ಕೇಳಬೇಕೆಂದು ಅವರಿಗೆ ತೋಚಲೇ ಇಲ್ಲ.

ನಾವು ಜಗಳವಾಡಿಲ್ಲ. ಒಟ್ಟಿಗೇ ಇದ್ದೇವೆ, ಒಟ್ಟಿಗೇ ಉಣ್ಣುತ್ತೇವೆ. ನಾನು ಮಾತ್ರ ಕವಚದ ಕೆಲಸವನ್ನು ಮನೆಯಿಂದ ತೆಗೆದು, ಎರಡು ಓಣಿ ಆಚೆ ಒಂದು ಕೋಣೆ ಬಾಡಿಗೆ ಹಿಡಿದಿದ್ದೇನೆ. ಹೊಸದಾಗಿ ಮಣ್ಣು ಮೆತ್ತಿ ಆರು ಸೀಳುಗಳನ್ನು ಮತ್ತೆ ಕೆತ್ತಿದೆ. ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಹೋದ ಭಾನುವಾರ ಅವರು ಅಲ್ಲಿಗೆ ಚಹಾ ತಂದರು. ಹೊಸ್ತಿಲಲ್ಲೇ ನಿಂತು, "ಒಳಗ ಬರ್ಲೇನು?" ಎಂದು ಕೇಳಿದರು.

ಹಾಗೆ ಅವರು ಕೇಳಿದ್ದು ಅದೇ ಮೊದಲು.

"ಅಂಟು ಒಣಗಾಕತ್ತದ್ರಿ. ಧೂಳು ಕುಂದರ್ತದ," ಎಂದು ಚಹಾ ಇಸಿದುಕೊಂಡೆ. ಅಂದು ನಾನು ಅಂಟು ಹಚ್ಚಿರಲೇ ಇಲ್ಲ.