ನಾನು ಕೆಂಪು ಗೀಟು ಎಳೆದ ನಲವತ್ತೈದು

"ಒಂದರಿಂದ ಹತ್ತರ ತನಕ ಕೂಡಿದ್ರ ನಲವತ್ತೈದು ಆಗ್ತದೇನು?" ಎಂದು ರೇಗಿ, ಕಲಬುರಗಿಯ ನಮ್ಮ ಕಾಲೇಜಿಗೆ ಕಮಲಾಪುರದಿಂದ ಬರುವ ಹುಡುಗಿಯ ಲ್ಯಾಬ್ ರೆಕಾರ್ಡ್ ಮೇಲೆ ಕೆಂಪು ಗೀಟು ಎಳೆದೆ. ಉಳಿದವರೆಲ್ಲ ಐವತ್ತೈದು ಎಂದು ಬರೆದಿದ್ದರು.

"ನೀವು ಬೋರ್ಡಿನ ಮ್ಯಾಲ ಬರೆದ ಪ್ರೋಗ್ರಾಮ್ ಒಂಬತ್ತಕ್ಕೇ ನಿಂದರ್ತದ್ರಿ ಮೇಡಂ. ಕಂಪ್ಯೂಟರ್ ಪಾಳಿ ಸಿಗಲಿಲ್ಲ, ಬಸ್ಸಿನಾಗ ಕೂತು ಒಂದೊಂದೇ ಸಾಲು ಲೆಕ್ಕ ಹಾಕೀನ್ರಿ" ಎಂದಳು. ನಾನು ಕೇಳದೆ ಕಳಿಸಿಬಿಟ್ಟೆ.

ಎಲ್ಲರೂ ಹೋದ ಮೇಲೆ ಆ ಪ್ರೋಗ್ರಾಮನ್ನು ನಾನೇ ಟೈಪ್ ಮಾಡಿ ನೋಡಿದೆ. ನಲವತ್ತೈದೇ ಬಂತು. ಅಂದರೆ ಉಳಿದವರು ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆದಿದ್ದರು. ಅವರ ರೆಕಾರ್ಡಿಗೆಲ್ಲ ನಾನು ಸಹಿ ಹಾಕಿದ್ದೆ.

ಮರುದಿನ ಅವಳು ಆ ಪುಟ ಹರಿದು, ಐವತ್ತೈದು ಎಂದು ಬರೆದುಕೊಂಡೇ ಬಂದಿದ್ದಳು. ತಪ್ಪು ನನ್ನದೆಂದು ತರಗತಿಯ ಎದುರೇ ಒಪ್ಪಿಕೊಂಡೆ. ಆದರೂ ಈಗ ಅವಳು ಉತ್ತರ ಬರೆಯುವ ಮುನ್ನ ಪಕ್ಕದವಳ ಪುಟ ನೋಡುತ್ತಾಳೆ.