ದ್ವೀಪಕ್ಕೆ ಹೋದ ಉತ್ತರಾಣಿ

ಪೆಸಿಫಿಕ್ ಸಾಗರದ ನಡುವಿನ ಒಂದು ಪುಟ್ಟ ದ್ವೀಪದಲ್ಲಿ ಐದು ತಿಂಗಳು ಹಕ್ಕಿಗಳ ಗೂಡು ಎಣಿಸುವ ಕೆಲಸ ಮುಗಿಸಿ, ಬಾಗೂರಿನ ಹತ್ತಿರದ ನಮ್ಮೂರಿಗೆ ಬಂದು ನನಗೆ ಮೂರು ದಿನವಾಗಿತ್ತು. ಅವ್ವ ನನ್ನ ಚೀಲದಿಂದ ಒಗೆಯುವ ಬಟ್ಟೆ ತೆಗೆಯುತ್ತಿದ್ದಳು. ತಳದಲ್ಲಿದ್ದ ಕಂಬಳಿಯ ತುಂಡನ್ನು ಬಿಡಿಸಿ, ಅಂಚಿನ ಗಂಟುಗಳನ್ನು ಬೆರಳಿನಿಂದ ಸವರಿ ನಕ್ಕಳು.

"ಅಲ್ಲೂ ಉತ್ತರಾಣಿ ಐತೇನೇ?"

ನಾನು ಕುಡಿಯುತ್ತಿದ್ದ ಚಹಾದ ಲೋಟ ಕೆಳಗಿಟ್ಟು ಹತ್ತಿರ ಹೋದೆ. ಒಣಹುಲ್ಲಿನ ಬಣ್ಣದ, ಮುಳ್ಳಿನಂಥ ತುದಿಯ ಏಳೆಂಟು ಬೀಜಗಳು ಉಣ್ಣೆಯನ್ನು ಕಚ್ಚಿಕೊಂಡಿದ್ದವು. ನಮ್ಮ ಹಳ್ಳದ ದಾರಿಯಲ್ಲಿ ನಡೆದರೆ ಸೀರೆಯ ಸೆರಗಿಗೂ ಕುರಿಯ ಮೂತಿಗೂ ಅಂಟುವ ಅದೇ ಬೀಜ.

"ಇಲ್ಲವ್ವ, ಅಲ್ಲಿಲ್ಲ" ಎಂದೆ.

"ಹಂಗಾರೆ ಇಲ್ಲಿಂದಾನೇ ಹೋಗೈತೆ. ನೀನು ಹೊರಡೋ ಮುಂಚೆ ತೊಳೆದು ಬೇಲಿ ಮ್ಯಾಲೆ ಒಣಗಾಕಿದ್ದೆ ನೋಡು."

ಅವಳು ಅಷ್ಟು ಹೇಳಿ ಬಕೆಟ್ಟಿಗೆ ಕೈ ಹಾಕಿದಳು. ನಾನು ಕಂಬಳಿಯನ್ನು ಕಿತ್ತುಕೊಂಡೆ. ಕಂಬಳಿಯಲ್ಲಿ ಉಳಿದದ್ದು ಇಷ್ಟು. ಉದುರಿದ್ದು ಎಷ್ಟು?

ಆ ದ್ವೀಪ ನಮ್ಮೂರಿನ ಕೆರೆಯಂಗಳಕ್ಕಿಂತ ದೊಡ್ಡದಲ್ಲ. ಹವಳದ ಪುಡಿಯೇ ಅದರ ಮಣ್ಣು. ಮೊದಲು ಅಲ್ಲಿ ಹಡಗುಗಳಿಂದ ಇಳಿದ ಇಲಿಗಳು ತುಂಬಿದ್ದವಂತೆ. ಗೂಡಲ್ಲಿ ಕೂತ ಮರಿಗಳನ್ನು ಜೀವಂತ ತಿನ್ನುತ್ತಿದ್ದವಂತೆ. ವರ್ಷಗಟ್ಟಲೆ ಹೆಣಗಿ ಇಲಿಗಳನ್ನು ನಿರ್ನಾಮ ಮಾಡಿದ ಮೇಲೆ ಹಕ್ಕಿಗಳು ಮರಳಿದ್ದವು. ಹಾಲಿನಂತೆ ಬೆಳ್ಳಗಿರುವ ರೀವ ಎಂಬ ಕಡಲಹಕ್ಕಿ ಗೂಡನ್ನೇ ಕಟ್ಟದೆ ಬರಿ ಕೊಂಬೆಯ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ಗಾಳಿಗೆ ಕೊಂಬೆ ತೂಗುವಾಗ ಆ ಮೊಟ್ಟೆ ಹೇಗೆ ನಿಲ್ಲುತ್ತದೋ, ನಾನು ದಿನವೂ ಉಸಿರು ಬಿಗಿಹಿಡಿದೇ ನೋಡುತ್ತಿದ್ದೆ. ನೆಲದಲ್ಲಿ ಬಿಲ ತೋಡಿ ಮರಿ ಮಾಡುವ ಕಂದು ಬಣ್ಣದ ಕಡಲಹಕ್ಕಿಗಳೂ ಇದ್ದವು. ಅವುಗಳನ್ನು ನಾವು ಬಿಲದ ಹಕ್ಕಿ ಎನ್ನುತ್ತಿದ್ದೆವು. ಯಾವುದಕ್ಕೂ ಮನುಷ್ಯರ ಭಯವಿಲ್ಲ. ಬರೆಯಲು ಕೂತರೆ ಮರಿಯೊಂದು ಬಂದು ನನ್ನ ಬೂಟಿನ ಮೇಲೆ ಕುಳಿತುಬಿಡುತ್ತಿತ್ತು.

ಅಲ್ಲಿಯದೇ ಒಂದು ಮರದ ಬೀಜಕ್ಕೆ ಅಂಟು ಇತ್ತು. ಅದು ರೆಕ್ಕೆಗೆ ಮೆತ್ತಿಕೊಂಡು ಹಾರಲಾಗದೆ ಸತ್ತ ಹಕ್ಕಿಗಳನ್ನು ನಾನೇ ಎತ್ತಿ ಲೆಕ್ಕಕ್ಕೆ ಬರೆದಿದ್ದೆ. ಆ ಮರ ಅಲ್ಲಿಯದು. ಹಕ್ಕಿಗಳೂ ಅದೂ ಜೊತೆಗೇ ಬಾಳಿ ಬಂದಿವೆ. ಉತ್ತರಾಣಿ ಅಲ್ಲಿಯದಲ್ಲ. ಅದು ಬಿಲಗಳ ಬಾಯಲ್ಲಿ ಬೆಳೆದು ನಿಂತರೆ, ಹೊರಬರುವ ಪ್ರತಿ ಮರಿಯ ಮೈಗೂ ಅಂಟುತ್ತದೆ.

ಇದೆಲ್ಲ ಗೊತ್ತಿದ್ದೇ ನಾನು ಸುಳ್ಳು ಹೇಳಿದ್ದೆ. ಹಡಗು ಹತ್ತುವ ಮುಂಚೆ ಬಂದರಿನ ಒಂದು ಕೋಣೆಯಲ್ಲಿ ನಮ್ಮ ಬಟ್ಟೆ, ಬೂಟು, ಪುಸ್ತಕದ ಹಾಳೆ ಎಲ್ಲವನ್ನೂ ದೀಪದ ಕೆಳಗೆ ಹಿಡಿದು, ಬೀಜವೋ ಹುಳುವೋ ಅಂಟಿದೆಯೇ ಎಂದು ನೋಡುತ್ತಾರೆ. ಉಣ್ಣೆಯ ವಸ್ತುಗಳನ್ನು ಕೆಲವು ದಿನ ಹಿಮಪೆಟ್ಟಿಗೆಯಲ್ಲಿಟ್ಟು, ಮುಂದಿನ ಹಡಗಿಗೆ ಕಳಿಸುತ್ತಾರೆ. ಅದು ನನ್ನ ಮೊದಲ ಸಮುದ್ರ ಪ್ರಯಾಣ. ಸಿರಿಗೆರೆಯ ಹಾಸ್ಟೆಲಿನಿಂದ ಹಿಡಿದು ಎಲ್ಲೇ ಹೋದರೂ ಆ ಕಂಬಳಿ ತುಂಡಿಲ್ಲದೆ ನಾನು ಮಲಗಿದವಳಲ್ಲ. "ಇನ್ನೇನಾದರೂ ಉಳಿದಿದೆಯಾ?" ಎಂದು ಕೋಣೆಯವನು ಕೇಳಿದಾಗ ಇಲ್ಲವೆಂದೆ. ಅದನ್ನು ಸೊಂಟಕ್ಕೆ ಸುತ್ತಿಕೊಂಡು ಮೇಲೆ ಮಳೆಯಂಗಿ ತೊಟ್ಟಿದ್ದೆ.

ಯಾರಾದರೂ ನೋಡಿಯಾರೆಂಬ ಭಯಕ್ಕೆ ನಾಲ್ಕು ತಿಂಗಳು ಅದನ್ನು ಚೀಲದಿಂದ ಹೊರಗೆ ತೆಗೆಯಲೂ ಇಲ್ಲ. ಕೊನೆಯ ತಿಂಗಳು ಜ್ವರ ಬಂದು ನಡುಗಿದಾಗ ತೆಗೆದೆ. ಆಮೇಲೆ ದಿನವೂ ಹೊದೆದೆ.

ಬೀಜಗಳು ಸತ್ತಿರಬಹುದು ಎಂದುಕೊಂಡೆ. ಎರಡು ಡಬ್ಬಿಗಳಿಗೆ ಹಳ್ಳದ ಮರಳು ತುಂಬಿ, ಕಂಬಳಿಯಿಂದ ಬಿಡಿಸಿದ ಬೀಜಗಳನ್ನು ಹಂಚಿ ಹಾಕಿದೆ. ಒಂದಕ್ಕೆ ಸಿಹಿನೀರು, ಇನ್ನೊಂದಕ್ಕೆ ಉಪ್ಪು ಬೆರೆಸಿದ ನೀರು. ಹುಟ್ಟದಿದ್ದರೆ ಯಾರಿಗೂ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹಿತ್ತಿಲಿಗೆ ಓಡುತ್ತಿದ್ದೆ. ಊಟಕ್ಕೆ ಕೂತವಳು ನಡುವೆ ಎದ್ದು ಹೋಗಿ ಬಗ್ಗಿ ನೋಡುತ್ತಿದ್ದೆ. ಮರಳು ಹಾಗೇ ಇದ್ದ ಪ್ರತಿ ದಿನವೂ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು. ಆರನೆಯ ದಿನ ಸಿಹಿನೀರಿನ ಡಬ್ಬಿಯಲ್ಲಿ ಎರಡು ಎಲೆ ಕಾಣಿಸಿದವು. ಉಪ್ಪುನೀರಿನದರಲ್ಲಿ ಒಂಬತ್ತನೆಯ ದಿನ.

ಅಂದೇ ಮಧ್ಯಾಹ್ನದ ಬಸ್ಸಿಗೆ ಹೊಸದುರ್ಗಕ್ಕೆ ಹೋದೆ. ನಮ್ಮೂರಿನಲ್ಲಿ ಫೋನಿನ ಮಾತು ಕತ್ತರಿಸಿ ಕತ್ತರಿಸಿ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವ್ವನ ಎದುರು ಮಾತಾಡುವ ಧೈರ್ಯವಿರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಬೇಕರಿಯ ಮೂಲೆಯಲ್ಲಿ ಕೂತು, ಬೇರೆ ದೇಶದಲ್ಲಿದ್ದ ನಮ್ಮ ತಂಡದ ಮುಖ್ಯಸ್ಥೆಗೆ ಫೋನು ಮಾಡಿದೆ. ಆಕೆ ಇಲಿಗಳನ್ನು ಓಡಿಸುವ ಕೆಲಸದಲ್ಲಿ ಮೊದಲಿನಿಂದಲೂ ಇದ್ದವರು. ನಾನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿದರು.

"ಕಂಬಳಿಯನ್ನು ಪರೀಕ್ಷೆಗೆ ಕೊಡಲು ಮರೆತೆಯಾ?" ಎಂದು ಕೇಳಿದರು.

ಮರೆತೆ ಎಂದರೆ ಮುಗಿಯುತ್ತಿತ್ತು. ಅವರ ದನಿಯಲ್ಲಿ ಅದಕ್ಕೆ ಜಾಗವೂ ಇತ್ತು.

"ಇಲ್ಲ, ಬಚ್ಚಿಟ್ಟಿದ್ದೆ."

ಬೇಕರಿಯವನು ಬನ್ನು ಬೇಕಾ ಎಂದು ಸನ್ನೆ ಮಾಡಿದ. ಕೊನೆಗೆ ಅವರು, "ಅಲ್ಲೀಗ ಇಬ್ಬರೇ ಇದ್ದಾರೆ. ಇಡೀ ದ್ವೀಪವನ್ನು ಮಂಡಿಯೂರಿ ಹುಡುಕಲು ಆಗುವುದಿಲ್ಲ. ಎಲ್ಲೆಲ್ಲಿ ಹುಡುಕಬೇಕು, ನಾಳೆಯೊಳಗೆ ನಕ್ಷೆ ಬರೆದು ಕಳಿಸು" ಎಂದು ಫೋನಿಟ್ಟರು.

ಮನೆಗೆ ಬಂದು ಜಗಲಿಯ ಮೇಲೆ ಹಾಳೆ ಹರಡಿಕೊಂಡು ಕೂತೆ. ಕಂಬಳಿ ಹಾಸಿಕೊಂಡು ಕೂತಿದ್ದ, ಮಲಗಿದ್ದ ಜಾಗಗಳಿಗೆಲ್ಲ ಗುರುತು ಹಾಕುತ್ತಾ ಹೋದಂತೆ ನಕ್ಷೆಯ ತುಂಬ ಗುರುತೇ ಆಯಿತು. ಅಷ್ಟರಲ್ಲಿ ಚಿಕ್ಕಪ್ಪ ಕುರಿ ಹೊಡೆದುಕೊಂಡು ಬಂದ.

"ಯಾಕವ್ವ, ಹಿಂಗೆ ಮಕ ಒಣಗಿಸ್ಕಂಡು ಕುಂತಿದೀಯ?"

ಹೇಳಿದೆ. ಅಳು ಬಿಕ್ಕಿ ಬಂತು. ಅವನು ಹೆಗಲ ಮೇಲಿನ ಟವೆಲಿನಿಂದ ಜಗಲಿ ಒರೆಸಿಕೊಂಡು ಪಕ್ಕದಲ್ಲಿ ಕೂತ.

"ಹಾಸಿದ ಜಾಗ ಬಿಡು. ಹಾಸ್ಕಂಡ್ರೆ ಅದು ಇನ್ನಾ ಗಟ್ಟಿಯಾಗಿ ಕಚ್ಕಂತೈತೆ. ಬೆಳಗೆದ್ದು ಎಲ್ಲಿ ಕೊಡವ್ತಿದ್ದೆ, ಅದು ಹೇಳು."

"ನಾವಿದ್ದ ಗುಡಿಸಲ ಹಿಂದೆ. ದಿನಾ ಅಲ್ಲೇ."

"ಗಾಳಿ?"

"ಬೆನ್ನಿಗೆ ಬೀಸ್ತಿತ್ತು."

"ಹಂಗಾರೆ ಅಲ್ಲಿಂದ ಮುಂದಕ್ಕೆ ಹತ್ತು ಹೆಜ್ಜೆ ನೋಡಾಕೆ ಹೇಳು. ಆಮ್ಯಾಲೆ ಕುರಿ ಓಡಾಡೋ ದಾರಿ."

"ಅಲ್ಲಿ ಕುರಿ ಎಲ್ಲಿ ಬರ್ಬೇಕು ಚಿಕ್ಕಪ್ಪ?"

"ನಡೆಯೋವು ಏನೂ ಇಲ್ವೇನೇ? ಬೀಜ ತಾನೇ ನಡೆಯಲ್ಲ. ಯಾವುದಾನ ಹೊತ್ಕಂಡು ಹೋಗ್ಬೇಕು."

ಇದ್ದವು. ಬಿಲದ ಹಕ್ಕಿಗಳು ನಿಂತಲ್ಲಿಂದ ಹಾರಲಾರವು. ಬೆಳಕು ಹರಿಯುವ ಮುಂಚೆ ಸಾಲಾಗಿ ನಡೆದು, ಗುಡಿಸಲ ಹಿಂದಿನಿಂದಲೇ ಹಾದು, ಕಡಲ ಕಡೆಗಿನ ದಿಬ್ಬ ಹತ್ತಿ ಅಲ್ಲಿಂದ ರೆಕ್ಕೆ ಬಿಚ್ಚುತ್ತವೆ. ಅವು ತುಳಿದು ತುಳಿದು ಅಲ್ಲೊಂದು ದಾರಿಯೇ ಆಗಿತ್ತು. ಹಳೆಯ ಹಾಳೆಯನ್ನು ಹರಿದು ಹೊಸದರಲ್ಲಿ ಎರಡೇ ಗುರುತು ಹಾಕಿ ಕಳಿಸಿದೆ.

ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಅವ್ವನಿಗೆ ಎಲ್ಲ ತಿಳಿದಿತ್ತು. ಅವಳು ಯಾರನ್ನೂ ಬೈಯಲಿಲ್ಲ. ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ಬೇಲಿಯ ಬುಡದ ಉತ್ತರಾಣಿಯನ್ನೆಲ್ಲ ಕೊಯ್ಯುತ್ತಿದ್ದಳು.

"ಇದನ್ನ ಕೊಯ್ದರೆ ಏನು ಬಂತವ್ವ? ಇಲ್ಲಿ ಇರಬೇಕಾದ್ದೇ ಅದು" ಎಂದೆ.

"ಒಣಗಾಕಿದ್ದು ನಾನಲ್ವೇನೇ" ಎಂದಳು. ತಲೆ ಎತ್ತಲಿಲ್ಲ.

ನಾನೂ ಒಂದು ಕುಡುಗೋಲು ತಂದು ಅವಳ ಪಕ್ಕ ಕೂತೆ.

ಸಂದೇಶ ಬಂದದ್ದು ಸಂಜೆ. ಗುಡಿಸಲ ಹಿಂದೆ ಹದಿನಾರು ಗಿಡ. ಹಕ್ಕಿಗಳ ದಾರಿಯಲ್ಲಿ ಮೂರು, ಅದರಲ್ಲೊಂದು ಬಿಲದ ಬಾಯಲ್ಲೇ. ಒಂದು ಗಿಡಕ್ಕೆ ಹೂವಿನ ಕಡ್ಡಿ ಬಂದಿತ್ತು, ಬೀಜ ಬಲಿತಿರಲಿಲ್ಲ. ಎಲ್ಲವನ್ನೂ ಬೇರು ಸಮೇತ ಕಿತ್ತು, ಚೀಲಕ್ಕೆ ತುಂಬಿ ಸುಟ್ಟಿದ್ದರು. ಕೆಳಗೆ ಮುಖ್ಯಸ್ಥೆ ಎರಡು ಸಾಲು ಸೇರಿಸಿದ್ದರು: ನೀನು ಹೇಳದೆ ಹೋಗಿದ್ದರೆ ಮುಂದಿನ ಮಳೆಗೆ ಇದು ನಮ್ಮ ಕೈ ಮೀರುತ್ತಿತ್ತು. ಆದರೆ ನಿನ್ನನ್ನು ಇನ್ನು ದ್ವೀಪಕ್ಕೆ ಕಳಿಸಲಾರೆ.

ಎರಡೂ ಸರಿಯಾದ ಮಾತೇ. ಆದರೂ ಎರಡನೆಯದನ್ನು ಓದಿ ಹಿತ್ತಿಲಿಗೆ ಹೋಗಿ ಅತ್ತೆ. ಆ ಬಿಳಿ ರೀವದ ಮರಿ ಬರಿ ಕೊಂಬೆಯನ್ನು ಪುಟ್ಟ ಉಗುರುಗಳಿಂದ ಅವಚಿಕೊಂಡು ನಿಲ್ಲುವುದನ್ನು ಇನ್ನು ನಾನು ನೋಡುವಂತಿಲ್ಲ.

ಈಗ ನಾನು ಚಿತ್ರದುರ್ಗದಲ್ಲಿ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮೂರು ತಿಂಗಳಿಗೊಮ್ಮೆ ದ್ವೀಪದಿಂದ ಒಂದು ಸಾಲು ಬರುತ್ತದೆ. ಮೊದಲ ಸಲ ಎರಡು ಸಸಿ ಎಂದಿತ್ತು. ಆ ವಾರ ಪಾಠ ಮಾಡುವಾಗ ಹಲಗೆಯ ಮೇಲೆ ಏನು ಬರೆಯುತ್ತಿದ್ದೇನೆಂದೇ ತಿಳಿಯುತ್ತಿರಲಿಲ್ಲ. ಆಮೇಲಿನ ಎರಡು ಸಲ ಏನೂ ಸಿಕ್ಕಿಲ್ಲ ಎಂದು ಬಂತು. ಸಿಕ್ಕಿಲ್ಲ ಎಂದರೆ ಇಲ್ಲವೆಂದಲ್ಲ. ಮರಳಿನಡಿಯಲ್ಲಿ ಬೀಜ ಎಷ್ಟು ಕಾಲ ಕಾಯುತ್ತದೆ ಎಂದು ಚಿಕ್ಕಪ್ಪನನ್ನು ಕೇಳಿದರೆ, "ಮಳೆ ಬರಗಂಟ" ಎನ್ನುತ್ತಾನೆ.

ಕಳೆದ ತಿಂಗಳು ಮುಖ್ಯಸ್ಥೆ ಮೊದಲ ಬಾರಿಗೆ ಏನನ್ನೋ ಕೇಳಿದರು. ಹೊಸದಾಗಿ ಹೋಗುವ ಹುಡುಗಿಯರಿಗೆ ಎಳೆಯ ಸಸಿಯ ಗುರುತು ಸಿಗುವುದಿಲ್ಲವಂತೆ. ಮೊಳಕೆಯಿಂದ ಹೂವಿನವರೆಗೆ ಅದು ಹೇಗಿರುತ್ತದೆಂದು ಚಿತ್ರ ತೆಗೆದು ಕಳಿಸಬಹುದಾ ಎಂದಿದ್ದರು. ಭಾನುವಾರ ಊರಿಗೆ ಹೋದೆ. ಚಿಕ್ಕಪ್ಪ ಹಳ್ಳದ ದಂಡೆಯಲ್ಲಿ ಬೇರೆ ಬೇರೆ ಪ್ರಾಯದ ಗಿಡಗಳನ್ನು ಹುಡುಕಿ ತೋರಿಸಿದ. ನಾನು ಮಂಡಿಯೂರಿ ಒಂದೊಂದರ ಪಕ್ಕವೂ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದೆ. ಕತ್ತಲಾಗುವಷ್ಟರಲ್ಲಿ ಕಳಿಸಿದೆ. "ತಲುಪಿತು. ಗುಡಿಸಲ ಗೋಡೆಗೆ ಅಂಟಿಸಲು ಹೇಳುತ್ತೇನೆ" ಎಂದು ಮರುದಿನ ಉತ್ತರ ಬಂತು.